ಕಂಬ ಕಂಡ್ರೆ ಬ್ರೇಕ್, ಸೇಲ್ ಬಂದ್ರೆ ದಂಡ
(ರೋಡು–ರೊಕ್ಕ ಸರಣಿ, ಕಂತು 4)

ಬೆಂಗಳೂರು–ಮೈಸೂರು ಹೈವೇಲಿ ಓಡಾಡೋರಿಗೆಲ್ಲ ಗೊತ್ತಿರೋ ಆಟ ಇದು. ಕ್ಯಾಮೆರಾ ಕಂಬ ಕಂಡ ತಕ್ಷಣ ಬ್ರೇಕ್. ದಾಟಿದ ತಕ್ಷಣ ಆಕ್ಸಿಲರೇಟರ್. ಕಂಬ ಕಾಣದಿದ್ರೂ ಚಿಂತೆ ಇಲ್ಲ, ಫೋನಿನ ಮ್ಯಾಪೇ ಮೊದಲು ಎಚ್ಚರಿಸುತ್ತೆ.

ಹಾಗಾದ್ರೆ ಕ್ಯಾಮೆರಾ ವೇಸ್ಟಾ? ಅಲ್ಲ. ಕ್ಯಾಮೆರಾ ತನ್ನ ಕೆಲಸ ಮಾಡುತ್ತೆ. ಅದನ್ನ ಕೆಡಿಸ್ತಿರೋದು ದಂಡ ವಸೂಲಿ ಮಾಡೋ ರೀತಿ.

ಇದೇ ರಸ್ತೆ ನೋಡಿ. 2023ರ ಮಾರ್ಚ್‌ನಲ್ಲಿ ಉದ್ಘಾಟನೆ ಆಯ್ತು. ಆ ವರ್ಷದ ಮೊದಲ ಆರು ತಿಂಗಳಲ್ಲೇ ನೂರಕ್ಕೂ ಹೆಚ್ಚು ಜನ ಇಲ್ಲಿ ಸತ್ತರು. ಆಮೇಲೆ ಪೊಲೀಸರು ರಾಡಾರ್ ಗನ್ ಹಿಡಿದು ನಿಂತ್ರು, ಗಂಟೆಗೆ 100 ಕಿ.ಮೀ. ಮಿತಿ ಬಿಗಿಯಾಯ್ತು, 2024ರಲ್ಲಿ ಐಟಿಎಂಎಸ್ ಕ್ಯಾಮೆರಾಗಳೂ ಬಂದ್ವು. ಸಾವು ಕಡಿಮೆ ಆಯ್ತು. ಪೂರ್ತಿ ಹೆಸರು ಕ್ಯಾಮೆರಾಗೇ ಕೊಡೋಕಾಗಲ್ಲ, ಯಾಕಂದ್ರೆ 2023ರ ಆಗಸ್ಟ್ 1ರಿಂದ ಬೈಕ್, ಆಟೋ, ಟ್ರ್ಯಾಕ್ಟರ್‌ಗಳನ್ನ ಸರ್ವೀಸ್ ರೋಡಿಗೆ ಕಳಿಸಿದ್ರು. ಆದ್ರೂ ಯಾರೋ ನೋಡ್ತಿದ್ದಾರೆ ಅನ್ನೋ ಭಯಕ್ಕೆ ಬೆಲೆ ಇದೆ.

ಆ ಭಯಕ್ಕೇ ನಾವು ಡಿಸ್ಕೌಂಟ್ ಹಾಕಿದ್ದೀವಿ.

2023ರ ಫೆಬ್ರುವರಿಯಲ್ಲಿ ಬಾಕಿ ದಂಡಕ್ಕೆ ಶೇ 50 ರಿಯಾಯಿತಿ. ಅದೇ ವರ್ಷ ಮತ್ತೆ ರಿಯಾಯಿತಿ. 2025ರಲ್ಲಿ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೆ ಇನ್ನೊಮ್ಮೆ. ಕೋಟಿಗಟ್ಟಲೆ ದುಡ್ಡು ಬಂತು, ನಿಜ. ಆದ್ರೆ ಜನ ಕಲಿತ ಪಾಠ ಏನು? ‘ಈಗ ಕಟ್ಟಬೇಡ, ಕಾಯಿ.’ ಆಷಾಢ ಸೇಲ್ ಬರುತ್ತೆ ಅಂತ ಗೊತ್ತಿದ್ದೂ ಜ್ಯೇಷ್ಠದಲ್ಲಿ ಪೂರ್ತಿ ರೇಟಿಗೆ ಸೀರೆ ತಗೊಳ್ಳೋರು ಯಾರು? ಮರ್ಯಾದೆಯಾಗಿ ಮೊದಲೇ ಕಟ್ಟಿದವನು ಇಲ್ಲಿ ಪೆದ್ದ ಆಗ್ತಾನೆ.

‘ದಂಡ ಜಾಸ್ತಿ ಮಾಡಿ, ಬುದ್ಧಿ ಬರುತ್ತೆ’ ಅನ್ನೋರಿದ್ದಾರೆ. ನಾನು ಒಪ್ಪಲ್ಲ. ಸಾವಿರ ರೂಪಾಯಿ ಕ್ಯಾಬ್ ಓಡಿಸೋ ಅಣ್ಣನಿಗೆ ಒಂದು ದಿನದ ದುಡಿಮೆ, ದೊಡ್ಡ ಎಸ್‌ಯುವಿಯವರಿಗೆ ದಾರಿ ಮಧ್ಯದ ತಿಂಡಿ ಬಿಲ್ಲು. ಮೊತ್ತ ಏರಿಸಿದಷ್ಟೂ ಪೆಟ್ಟು ಬೀಳೋದು ಬಡವನಿಗೆ. ಮೊತ್ತ ಎಷ್ಟು ಅನ್ನೋದಕ್ಕಿಂತ, ತಪ್ಪು ಮಾಡಿದ್ರೆ ಸಿಕ್ಕೇ ಸಿಕ್ಕಿಬೀಳ್ತೀನಿ, ಬೇಗ ಕಟ್ಟಲೇಬೇಕು ಅನ್ನೋದು ಖಾತ್ರಿ ಇರಬೇಕು.

ಅದಕ್ಕೆ ನನ್ನ ಪ್ರಕಾರ ಎರಡು ಕೆಲಸ ಆಗಬೇಕು:

1. ಹಳೇ ಬಾಕಿಗೆ ರಿಯಾಯಿತಿ ನಿಲ್ಲಿಸಿ. ಕೊಡಲೇಬೇಕು ಅಂದ್ರೆ 15 ದಿನದೊಳಗೆ ಕಟ್ಟಿದವರಿಗೆ ಸ್ವಲ್ಪ ಕೊಡಿ. ಬಹುಮಾನ ಬೇಗ ಕಟ್ಟಿದವರಿಗೆ ಸಿಗಲಿ, ಸತಾಯಿಸಿದವರಿಗಲ್ಲ.

2. ಒಂದು ಕಂಬದ ಹತ್ತಿರ ಮಾತ್ರ ಅಲ್ಲ, ಎರಡು ಕಂಬಗಳ ನಡುವಿನ ಸರಾಸರಿ ವೇಗ ಅಳೆಯೋದು ಎಲ್ಲ ಹೈವೇಗೂ ಬರಲಿ. ಸ್ಕಾಟ್ಲೆಂಡಿನ ಎ9 ರಸ್ತೆಯಲ್ಲಿ 2014ರಿಂದಲೇ ಹೀಗಿದೆ. ಅಲ್ಲಿ ಕಂಬದ ಹತ್ತಿರ ಬ್ರೇಕ್ ಹಾಕಿ ಪ್ರಯೋಜನವಿಲ್ಲ, ದಾರಿಯುದ್ದಕ್ಕೂ ನಿಧಾನ ಇರಬೇಕು.

ಕೊನೆಗೆ ಒಂದು ಚಿಕ್ಕ ಲೆಕ್ಕ. ಈ ರಸ್ತೆ ಸುಮಾರು 118 ಕಿ.ಮೀ. ಇದೆ. ಎಲ್ಲೂ ನಿಲ್ಲದೆ 100ರಲ್ಲಿ ಹೋದ್ರೆ 71 ನಿಮಿಷ, 120ರಲ್ಲಿ 59. ಉಳಿಯೋದು 12 ನಿಮಿಷ. ಆದ್ರೆ ಡಿಕ್ಕಿ ಹೊಡೆದ್ರೆ ಗಾಡಿಯಲ್ಲಿರೋ ಶಕ್ತಿ ಶೇ 44 ಜಾಸ್ತಿ. ಈ ಲೆಕ್ಕದಲ್ಲಿ ಯಾವ ರಿಯಾಯಿತಿಯೂ ಇಲ್ಲ.

ನಿಮ್ಮ ಗಾಡಿ ಮೇಲೆ ಬಾಕಿ ಎಷ್ಟಿದೆ? ಈಗಲೇ ಕಟ್ತೀರೋ, ಮುಂದಿನ ಸೇಲ್‌ಗೆ ಕಾಯ್ತೀರೋ? ಕಾಮೆಂಟ್‌ನಲ್ಲಿ ನಿಜ ಹೇಳಿ 👇

#ರೋಡುರೊಕ್ಕ #ಟ್ರಾಫಿಕ್‌ದಂಡ #ಬೆಂಗಳೂರುಮೈಸೂರು