ಕೋಲಾರಕ್ಕೆ ಅರೆಶುದ್ಧ ನೀರು ಸಾಲದು

ವರ್ಷವಿಡೀ ಹರಿಯುವ ನದಿಯಿಲ್ಲದ ಕೋಲಾರ ಜಿಲ್ಲೆಯ ಕೆರೆಗಳಿಗೆ ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧೀಕರಿಸಿ ಹರಿಸುವ ಕೆ.ಸಿ. ವ್ಯಾಲಿ ಯೋಜನೆ 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಯಿಂದ ಶುರುವಾಯಿತು. ದಿನಕ್ಕೆ 44 ಕೋಟಿ ಲೀಟರ್ ನೀರು, 126 ಕೆರೆಗಳು ಎಂಬುದು ಸರ್ಕಾರ ಇಟ್ಟುಕೊಂಡ ಗುರಿ. ಮರುತಿಂಗಳೇ ಕೆರೆಯಲ್ಲಿ ನೊರೆ ಕಾಣಿಸಿಕೊಂಡಿತು. ಹೈಕೋರ್ಟ್ ನೀರು ಹರಿಸುವುದಕ್ಕೆ ತಡೆಯಾಜ್ಞೆ ಕೊಟ್ಟು ಆಮೇಲೆ ತೆರವು ಮಾಡಿತು. 2019ರಲ್ಲಿ ಸುಪ್ರೀಂ ಕೋರ್ಟಿನಲ್ಲೂ ಹಾಗೆಯೇ ಆಯಿತು. ಅಂದಿನಿಂದ ಜಿಲ್ಲೆಯ ಜನರನ್ನು ನೀರು ಬೇಕೆನ್ನುವವರು, ಬೇಡವೆನ್ನುವವರು ಎಂದು ಎರಡು ಬಣ ಮಾಡಿ ನೋಡುವುದೇ ರೂಢಿಯಾಗಿದೆ. ಈ ವಿಂಗಡಣೆಯೇ ಸರಿಯಲ್ಲ. ನೀರು ಬರಲಿ, ಮೂರನೇ ಹಂತದ ಶುದ್ಧೀಕರಣ ಮುಗಿಸಿಕೊಂಡು ಬರಲಿ. ಹೀಗೆ ಕೇಳಿದವರನ್ನೆಲ್ಲ ಯೋಜನೆಯ ವಿರೋಧಿಗಳೆಂದು ಜರಿಯುವುದು ಅನ್ಯಾಯ.

ಯೋಜನೆಯಿಂದ ಆದ ಒಳಿತನ್ನು ಅಲ್ಲಗಳೆಯುವಂತಿಲ್ಲ. ಒಣಗಿದ್ದ ಕೆರೆಗಳು ತುಂಬಿವೆ, ಸುತ್ತಲಿನ ಕೊಳವೆಬಾವಿಗಳಲ್ಲಿ ನೀರು ಮೇಲೆದ್ದಿದೆ. ಸಾವಿರ ಅಡಿ ಕೊರೆದರೂ ನೀರು ಸಿಗದ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ. ಆದರೆ ಎರಡನೇ ಹಂತದಲ್ಲಿ ನಡೆಯುವುದೇನು? ಸೂಕ್ಷ್ಮಜೀವಿಗಳು ಕೊಳಚೆಯ ಸಾವಯವ ಅಂಶವನ್ನು ತಿಂದು ಕರಗಿಸುತ್ತವೆ, ನೀರು ತಿಳಿಯಾಗುತ್ತದೆ, ವಾಸನೆ ತಗ್ಗುತ್ತದೆ. ನೈಟ್ರೇಟ್, ರಂಜಕ, ರೋಗಾಣು, ಭಾರಲೋಹಗಳು ಪೂರ್ತಿ ಹೋಗುವುದಿಲ್ಲ. ಉಳಿದದ್ದನ್ನು ಮಣ್ಣೇ ಸೋಸಿಕೊಳ್ಳುತ್ತದೆ ಎಂಬ ಸಮಾಧಾನ ಕೋಲಾರದ ನೆಲಕ್ಕೆ ಒಪ್ಪುವುದಿಲ್ಲ. ಇಲ್ಲಿನದು ಗಟ್ಟಿ ಬಂಡೆಯ ನೆಲ. ನೀರು ಬಂಡೆಯ ಬಿರುಕು ಹಿಡಿದು ಇಳಿಯುತ್ತದೆ, ಬಿರುಕು ಹೆಚ್ಚೇನನ್ನೂ ಸೋಸುವುದಿಲ್ಲ. ನೈಟ್ರೇಟ್ ಅಂತೂ ಮಣ್ಣಿಗೆ ಅಂಟದೆ ನೀರಿನೊಂದಿಗೇ ಹರಿಯುವ ವಸ್ತು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 45 ಮಿಲಿಗ್ರಾಂ ಮೀರಬಾರದು, ಮೀರಿದರೆ ಎಳೆಕೂಸುಗಳಿಗೆ ಅಪಾಯ. ಹಳ್ಳಿಗಳು ಕುಡಿಯುವುದೂ ಇದೇ ಅಂತರ್ಜಲವನ್ನು. ಅಂತರ್ಜಲದ ಫ್ಲೋರೈಡ್‌ನಿಂದ ಮೊದಲೇ ನರಳಿದ ಜಿಲ್ಲೆಯಿದು. ಹಾಗಿರುವಾಗ ಕೆರೆಯಿಂದ ನೇರ ನೀರೆತ್ತಬಾರದು, ಇದು ಅಂತರ್ಜಲ ತುಂಬಲಿಕ್ಕೆ ಮಾತ್ರ ಎನ್ನುವ ಸರ್ಕಾರದ ಮಾತು ಆತಂಕವನ್ನು ತಗ್ಗಿಸುವ ಬದಲು ಹೆಚ್ಚಿಸುತ್ತದೆ.

ಯೋಜನೆಯ ಸಮರ್ಥಕರು ಇಸ್ರೇಲಿನ ಹೆಸರು ಹೇಳುತ್ತಾರೆ. ಟೆಲ್ ಅವೀವ್ ಸುತ್ತಲಿನ ಕೊಳಚೆ ನೀರನ್ನು ಎರಡು ಹಂತ ಶುದ್ಧೀಕರಿಸಿ ಭೂಮಿಗೆ ಇಂಗಿಸುವುದು ನಿಜ. ಆದರೆ ಅಲ್ಲಿ ಇಂಗಿಸುವುದು ದಪ್ಪ ಮರಳಿನ ದಿಬ್ಬಗಳಲ್ಲಿ. ತಿಂಗಳುಗಟ್ಟಲೆ ಮರಳಿನಲ್ಲಿ ಸೋಸಿದ ಆ ನೀರನ್ನು ಮತ್ತೆ ಮೇಲೆತ್ತಿ, ಬೇರೆಯದೇ ಕೊಳವೆಯಲ್ಲಿ ನೆಗೆವ್ ಸೀಮೆಯ ಹೊಲಗಳಿಗೆ ಒಯ್ಯುತ್ತಾರೆ. ಕುಡಿಯುವ ನೀರಿನ ಅಂತರ್ಜಲಕ್ಕೆ ಅದು ಬೆರೆಯದಂತೆ ನಿಗಾ ಇಡುತ್ತಾರೆ. ಕುಡಿಯುವ ಅಂತರ್ಜಲಕ್ಕೇ ಮರುಬಳಕೆಯ ನೀರು ಇಂಗಿಸುವ ಕ್ಯಾಲಿಫೋರ್ನಿಯಾದ ಆರೆಂಜ್ ಕೌಂಟಿಯಲ್ಲಿ 2008ರಿಂದ ಸೂಕ್ಷ್ಮ ಜರಡಿ, ಆರ್‌ಒ, ನೇರಳಾತೀತ ಕಿರಣ ಮೂರನ್ನೂ ದಾಟಿಸಿದ ಮೇಲೆಯೇ ನೀರನ್ನು ನೆಲಕ್ಕೆ ಬಿಡುತ್ತಾರೆ. ಒಂದು ಕಡೆ ಮರಳಿದೆ, ಪ್ರತ್ಯೇಕತೆಯಿದೆ. ಇನ್ನೊಂದು ಕಡೆ ಪೂರ್ತಿ ಶುದ್ಧೀಕರಣವಿದೆ. ಕೋಲಾರಕ್ಕೆ ಎರಡೂ ಇಲ್ಲ.

ಮೂರನೇ ಹಂತದ ಖರ್ಚು ತಡೆಯಲಾಗದು ಎನ್ನುವುದು ಮುಂದಿನ ಆಕ್ಷೇಪ. ಅಷ್ಟೂ ನೀರಿಗೆ ಆರ್‌ಒ ಹಾಕಬೇಕೆಂದು ಹಟ ಹಿಡಿಯಬೇಕಿಲ್ಲ. ನೈಟ್ರೇಟ್ ಮತ್ತು ರಂಜಕ ತೆಗೆಯುವುದು, ಸೋಸುವುದು, ರೋಗಾಣು ಕೊಲ್ಲುವುದು, ಮೂರನೇ ಹಂತದ ಇವಿಷ್ಟು ಕೆಲಸ ಆರ್‌ಒಗಿಂತ ಬಹಳ ಅಗ್ಗ. ಕಬ್ಬನ್ ಪಾರ್ಕಿನ ಗಿಡಗಳಿಗೆ ಬೆಂಗಳೂರು ಜಲಮಂಡಳಿ ಮೂರನೇ ಹಂತ ದಾಟಿದ ನೀರನ್ನೇ ಉಣಿಸುತ್ತದೆ. ಯಲಹಂಕದ ಘಟಕದಿಂದ ವಿಮಾನ ನಿಲ್ದಾಣಕ್ಕೆ ಹೋಗುವುದೂ ಅಂಥದೇ ನೀರು. ಪ್ರಮಾಣ ಸಣ್ಣದು, ಒಪ್ಪೋಣ. ಆದರೆ ಉದ್ಯಾನದ ಹುಲ್ಲಿಗೆ ಬೇಕಾದ ಎಚ್ಚರಿಕೆ ಹಳ್ಳಿಯ ಕುಡಿಯುವ ಬಾವಿಗೆ ಬೇಡವೆ? ಕೋಲಾರಕ್ಕೆ ಕೊಡದಿದ್ದರೆ ಈ ನೀರು ಬೆಳ್ಳಂದೂರು, ವರ್ತೂರು ಹಾಯ್ದು ದಕ್ಷಿಣ ಪಿನಾಕಿನಿ ಸೇರಿ ತಮಿಳುನಾಡಿಗೆ ಹೋಗುತ್ತಿತ್ತು ಎಂಬ ಮಾತೂ ಉಂಟು. ಅದು ಬೆಂಗಳೂರಿನ ಹೊಣೆಗೇಡಿತನಕ್ಕೆ ಸಾಕ್ಷಿ, ಕೋಲಾರ ಕಡಿಮೆಗೆ ಒಪ್ಪಿಕೊಳ್ಳಲು ಕಾರಣವಲ್ಲ. ಕೊಳಕು ಮಾಡಿದ ನಗರವೇ ಶುದ್ಧೀಕರಣದ ಖರ್ಚು ಹೊರಬೇಕು.

ಮೂರನೇ ಹಂತದ ಘಟಕಗಳಿಗೆ ಹಣ ಮತ್ತು ಗಡುವು ಎರಡನ್ನೂ ಸರ್ಕಾರ ಈಗಲೇ ಘೋಷಿಸಬೇಕು. ಅವು ಕೆಲಸ ಶುರುಮಾಡುವತನಕ ಹೊಸ ಕೆರೆಗಳಿಗೆ ಈ ನೀರು ಬಿಡಬಾರದು. ಈಗಾಗಲೇ ತುಂಬಿದ ಪ್ರತಿ ಕೆರೆಯ ಸುತ್ತಲಿನ ಕುಡಿಯುವ ನೀರಿನ ಕೊಳವೆಬಾವಿಗಳನ್ನು, ನೀರು ಹರಿಸುವ ಇಲಾಖೆಗೆ ಸಂಬಂಧವಿಲ್ಲದ ಪ್ರಯೋಗಾಲಯದಲ್ಲಿ ತಿಂಗಳು ತಿಂಗಳೂ ಪರೀಕ್ಷಿಸಿ, ವರದಿಯನ್ನು ಕನ್ನಡದಲ್ಲಿ ಆಯಾ ಗ್ರಾಮ ಪಂಚಾಯಿತಿಯ ಗೋಡೆಗೆ ಅಂಟಿಸಬೇಕು.