ಸೋಲುವ ತಂಡದಲ್ಲಿ ನಿಂತವರ ಹಿರಿಮೆ

ಗೆಲ್ಲದ ತಂಡವೊಂದನ್ನು ಬಿಡದೆ ಹಿಡಿದು ನಿಂತ ಆಟಗಾರನ ಹಿರಿಮೆಯು ಆ ನಿಷ್ಠೆಯಿಂದ ಹೆಚ್ಚುವುದೋ ಕುಂದುವುದೋ ಎಂಬ ಪ್ರಶ್ನೆಯು ಮೇಲುನೋಟಕ್ಕೆ ಬಿಡುವಿನ ವೇಳೆಯ ಹರಟೆಯಂತೆ ತೋರಬಹುದು. ಆದರೆ ಮಾರಿಕುಪ್ಪದಿಂದ ಬಂಗಾರಪೇಟೆಯ ಮೇಲೆ ಬೆಂಗಳೂರಿಗೆ ಹೋಗುವ ರೈಲುಗಾಡಿಯಲ್ಲಿ ಈ ವಿಷಯವಾಗಿ ಏಳುವ ವಾದವನ್ನು ಕೇಳಿದವರು ಇದನ್ನು ಹರಟೆಯೆಂದು ತಳ್ಳಿಹಾಕಲಾರರು. ಇದಲ್ಲದೆ, ಚೆನ್ನಾಗಿ ಆಡಬಲ್ಲ ಮಗಳನ್ನು ಸಣ್ಣ ಊರಿನ ಶಾಲೆಯ ತಂಡದಲ್ಲಿಯೇ ಇರಗೊಡಬೇಕೆ, ಅಥವಾ ಬೆಂಗಳೂರಿನ ಬಲವಾದ ತಂಡವೊಂದಕ್ಕೆ ಕಳುಹಿಸಬೇಕೆ ಎಂದು ಯೋಚಿಸುವ ತಾಯಿತಂದೆಗಳು ನಮ್ಮ ವಾಚಕರಲ್ಲಿ ಇಲ್ಲದೆ ಇಲ್ಲ. ಹೋದರೆ ಕೃತಘ್ನತೆಯೆಂಬ ಮಾತು, ಉಳಿದರೆ ದಡ್ಡತನವೆಂಬ ಮಾತು. ಎರಡನ್ನೂ ಆ ಹುಡುಗಿಯೇ ಕೇಳಬೇಕಾಗುವುದು. ಆದುದರಿಂದ ಈ ವಿಚಾರದಲ್ಲಿ ನಮಗೆ ತೋರಿದುದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುವೆವು.

ವಾದಕ್ಕೆ ಮೂಲವಾದವರು ಶ್ರೀ ವಿರಾಟ್ ಕೊಹ್ಲಿಯವರು. ೨೦೦೮ ರಲ್ಲಿ ಐ.ಪಿ.ಎಲ್. ಪಂದ್ಯಾವಳಿಯು ಮೊದಲಾದಾಗ ದೆಹಲಿಯ ಈ ೧೯ ವರ್ಷದ ಯುವಕರು ಬೆಂಗಳೂರಿನ ರಾಯಲ್ ಚಾಲೆಂಜರ್ಸ್ ತಂಡವನ್ನು ಸೇರಿದರು. ಆಮೇಲೆ ಬೇರೊಂದು ತಂಡದ ಅಂಗಿಯನ್ನು ಆ ಪಂದ್ಯಾವಳಿಯಲ್ಲಿ ತೊಡಲಿಲ್ಲ. ತಂಡವು ೨೦೦೯ ರ ಅಂತಿಮ ಪಂದ್ಯವನ್ನು ೬ ರನ್ನುಗಳಿಂದಲೂ, ೨೦೧೧ ರದನ್ನು ೫೮ ರನ್ನುಗಳಿಂದಲೂ, ೨೦೧೬ ರದನ್ನು ತನ್ನ ಸ್ವಂತ ಮೈದಾನದಲ್ಲಿಯೇ ೮ ರನ್ನುಗಳಿಂದಲೂ ಕಳೆದುಕೊಂಡಿತು. ೨೦೧೭ ರಲ್ಲಿಯೂ ೨೦೧೯ ರಲ್ಲಿಯೂ ಎಲ್ಲ ತಂಡಗಳಿಗಿಂತ ಕೆಳಗೆ ನಿಂತಿತು. "ಈ ಸಲ ಕಪ್ ನಮ್ದೇ" ಎಂಬ ಅಭಿಮಾನಿಗಳ ಘೋಷವು ಪರರ ಬಾಯಲ್ಲಿ ಗೇಲಿಯ ಮಾತಾಯಿತು. ಕಡೆಗೆ ೧೮ ನೆಯ ವರ್ಷದಲ್ಲಿ, ಎಂದರೆ ೨೦೨೫ ರ ಜೂನ್ ೩ ರಂದು, ಅಹಮದಾಬಾದಿನಲ್ಲಿ ಪಂಜಾಬಿನ ತಂಡವನ್ನು ೬ ರನ್ನುಗಳಿಂದ ಸೋಲಿಸಿ ತಂಡವು ಪಾರಿತೋಷಕವನ್ನು ಮೊದಲ ಸಲ ಪಡೆಯಿತು.

ಈಗ ಅವರ ಹಿರಿಮೆಯು ಪೂರ್ಣವಾಯಿತೆಂದು ಅಂದಿನಿಂದ ಅನೇಕರು ಹೇಳುತ್ತಿರುವರು. ನಾವು ಇದನ್ನು ಒಪ್ಪುವುದಿಲ್ಲ. ಹಿಂದಿನ ದಿನ ಸಂಜೆ ಅಪೂರ್ಣವಾಗಿದ್ದುದು ಮರುದಿನ ರಾತ್ರಿ ೬ ರನ್ನುಗಳ ಅಂತರದಿಂದ ಪೂರ್ಣವಾಗುವುದಾದರೆ, ಆ ಹಿರಿಮೆಯನ್ನು ಅಳೆಯುವ ಕೋಲಿನಲ್ಲಿಯೇ ಏನೋ ಊನವಿರಬೇಕು. ೨೦೧೬ ರಲ್ಲಿ ಕೊಹ್ಲಿಯವರು ಒಂದೇ ಪಂದ್ಯಾವಳಿಯಲ್ಲಿ ನಾಲ್ಕು ಶತಕಗಳೊಡನೆ ೯೭೩ ರನ್ನುಗಳನ್ನು ಹೊಡೆದರು. ಅದಕ್ಕೆ ಮುಂಚೆ ಯಾರೂ ಅಷ್ಟನ್ನು ಹೊಡೆದಿರಲಿಲ್ಲ. ಆ ವರ್ಷ ತಂಡವು ಸೋತಿತು. ೨೦೨೫ ರ ಅಂತಿಮ ಪಂದ್ಯದಲ್ಲಿ ೩೫ ಚೆಂಡುಗಳಲ್ಲಿ ೪೩ ರನ್ನುಗಳನ್ನು ಹೊಡೆದರು. ನಿಧಾನವಾಯಿತೆಂದು ಹಲವರು ಗೊಣಗಿದರು. ಆ ವರ್ಷ ತಂಡವು ಗೆದ್ದಿತು. ಗೆಲ್ಲಿಸಿದವರಲ್ಲಿ ಮುಖ್ಯರು ನಾಲ್ಕು ಓವರುಗಳಲ್ಲಿ ಕೇವಲ ೧೭ ರನ್ನುಗಳನ್ನು ಕೊಟ್ಟು ಎರಡು ವಿಕೆಟ್ಟುಗಳನ್ನು ಕೆಡವಿದ ಶ್ರೀ ಕೃಣಾಲ್ ಪಾಂಡ್ಯರು. ನಾಯಕತ್ವವು ಶ್ರೀ ರಜತ್ ಪಾಟೀದಾರರದು. ಹನ್ನೊಂದು ಮಂದಿಯ ಆಟದಲ್ಲಿ ಪಾರಿತೋಷಕವು ಹನ್ನೊಂದು ಮಂದಿಗೆ ಸೇರಿದುದು. ಅದನ್ನು ಒಬ್ಬನ ತೂಕದ ಕಲ್ಲಾಗಿ ಬಳಸುವುದು ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಚಿನ್ನವನ್ನು ತೂಗಿದಂತೆ.

ಚಿನ್ನದ ಊರಿನವರಾದ ನಮಗೆ ಇದು ಬೇಗ ತಿಳಿಯಬೇಕು. ಆದರೂ ಸಂಶಯವುಳ್ಳವರು ದಕ್ಷಿಣ ಆಫ್ರಿಕದ ಶ್ರೀ ಡಿವಿಲಿಯರ್ಸರನ್ನು ನೆನೆಯಲಿ. ಅವರು ೨೦೧೧ ರಿಂದ ೨೦೨೧ ರವರೆಗೆ ಇದೇ ತಂಡಕ್ಕೆ ಆಡಿ, ಪಾರಿತೋಷಕವಿಲ್ಲದೆಯೇ ನಿವೃತ್ತರಾದರು; ಗೆಲುವಿನ ರಾತ್ರಿ ಅತಿಥಿಯಾಗಿ ಮೈದಾನಕ್ಕೆ ಬಂದು ಹಳೆಯ ಗೆಳೆಯನನ್ನು ಅಪ್ಪಿಕೊಂಡರು. ಅಂದು ಮೀಸಲು ಆಟಗಾರನಾಗಿ ಹೊರಗೆ ಕುಳಿತು ಪದಕವನ್ನು ಪಡೆದ ಒಬ್ಬನು ಇವರಿಗಿಂತ ದೊಡ್ಡವನೆಂದು ಯಾರಾದರೂ ಹೇಳುವರೇ?

ನಮ್ಮ ನಾಡಿನಲ್ಲಿಯೇ ಇನ್ನೂ ಹಳೆಯ ನಿದರ್ಶನವಿರುವುದು, ಮತ್ತು ಅದು ನಮಗೆ ಹೆಚ್ಚು ಪ್ರಿಯವಾದುದು. ೧೯೫೮-೫೯ ರಿಂದ ೧೯೭೨-೭೩ ರವರೆಗೆ, ಎಡೆಬಿಡದೆ ೧೫ ವರ್ಷ, ರಣಜಿ ಪಾರಿತೋಷಕವನ್ನು ಬೊಂಬಾಯಿಯ ತಂಡವೇ ಗೆದ್ದುಕೊಂಡಿತು. ಆ ಕಾಲದಲ್ಲಿ ಮೈಸೂರಿನ ತಂಡಕ್ಕೆ ಆಡುತ್ತಿದ್ದವರು ಶ್ರೀಗಳಾದ ಪ್ರಸನ್ನ, ಚಂದ್ರಶೇಖರ್, ವಿಶ್ವನಾಥ್ ಮುಂತಾದವರು. ವರ್ಷ ವರ್ಷವೂ ಪಾರಿತೋಷಕವಿಲ್ಲದೆ ಮನೆಗೆ ಹಿಂದಿರುಗುತ್ತಿದ್ದ ತಂಡವದು. ಆ ಬರಿಗೈಯ ವರ್ಷಗಳಲ್ಲಿಯೇ ಪ್ರಸನ್ನರು ೧೯೬೭-೬೮ ರಲ್ಲಿ ಆಸ್ಟ್ರೇಲಿಯದ ನೆಲದಲ್ಲಿ ೨೫ ವಿಕೆಟ್ಟುಗಳನ್ನು ಪಡೆದರು. ಭದ್ರಾವತಿಯ ವಿಶ್ವನಾಥರು ೧೯೬೯ ರಲ್ಲಿ ಕಾನಪುರದಲ್ಲಿ ತಮ್ಮ ಮೊದಲ ಟೆಸ್ಟ್ ಪಂದ್ಯದಲ್ಲಿಯೇ ೧೩೭ ರನ್ನುಗಳನ್ನು ಹೊಡೆದರು. ಬಾಲ್ಯದಲ್ಲಿ ಪೋಲಿಯೋ ರೋಗದಿಂದ ಬಲಗೈ ಸೊರಗಿದ್ದ ಚಂದ್ರಶೇಖರರು ಅದೇ ಕೈಯಿಂದ ೧೯೭೧ ರಲ್ಲಿ ಲಂಡನ್ನಿನ ಓವಲ್ ಮೈದಾನದಲ್ಲಿ ೩೮ ರನ್ನುಗಳಿಗೆ ೬ ವಿಕೆಟ್ಟುಗಳನ್ನು ಕೆಡವಿ, ಇಂಗ್ಲೆಂಡಿನಲ್ಲಿ ಭಾರತದ ಮೊದಲ ಗೆಲುವಿಗೆ ಕಾರಣರಾದರು. ಸಂಸ್ಥಾನದ ಹೆಸರು ೧೯೭೩ ರ ನವೆಂಬರ್ ೧ ರಂದು ಕರ್ನಾಟಕವೆಂದಾಯಿತು. ಆ ಸಲದ ಪಂದ್ಯಾವಳಿಯಲ್ಲಿಯೇ ಪ್ರಸನ್ನರ ನಾಯಕತ್ವದಲ್ಲಿ ನಮ್ಮವರು ಬೊಂಬಾಯಿಯನ್ನು ಉಪಾಂತ್ಯದಲ್ಲಿ ಹಿಂದೆ ಹಾಕಿ, ಅಂತಿಮ ಪಂದ್ಯದಲ್ಲಿ ರಾಜಸ್ಥಾನವನ್ನು ಸೋಲಿಸಿ, ಪಾರಿತೋಷಕವನ್ನು ಮೊದಲ ಬಾರಿಗೆ ತಂದರು. ಈ ಮೂವರ ಹಿರಿಮೆಯು ಅದಕ್ಕೆ ಮೊದಲೇ ಲೋಕವಿದಿತವಾಗಿದ್ದಿತು. ೧೯೭೪ ರ ಗೆಲುವು ನಾಡಿಗೆ ಸಂತೋಷವನ್ನು ಕೊಟ್ಟಿತು. ಅವರ ತೂಕಕ್ಕೆ ಒಂದು ಗುಲಗಂಜಿಯನ್ನೂ ಸೇರಿಸಲಿಲ್ಲ.

ಹಾಗಾದರೆ ನಿಷ್ಠೆಯೇ ಹಿರಿಮೆಯೆಂದು ಎದುರು ಪಕ್ಷದವರು ಸಾಧಿಸಬರುವರು. ಕಪ್ಪಿಲ್ಲದೆ ಉಳಿದುದರಿಂದಲೇ ಕೊಹ್ಲಿಯವರು ದೊಡ್ಡವರೆಂಬುದು ಇವರ ಮಾತು. ಕೇಳಲು ಇಂಪಾದರೂ ಇದನ್ನು ಕೂಡ ನಾವು ಒಪ್ಪಲಾರೆವು. ಅವರಿಗೆ ಹರಾಜಿಗೆ ಬರಬೇಕೆಂಬ ಕರೆಗಳು ಬಂದಿದ್ದುದು ನಿಜ. ಹೋಗದೆ ಇದ್ದುದೂ ನಿಜ. ಆದರೆ ಉಳಿದವರಿಗೆ ೨೦೧೩ ರಿಂದ ೨೦೨೧ ರವರೆಗೆ ನಾಯಕತ್ವವೂ, ೨೦೨೫ ರ ಪಂದ್ಯಾವಳಿಗೆ ೨೧ ಕೋಟಿ ರೂಪಾಯಿಗಳ ಸಂಭಾವನೆಯೂ, ಒಂದು ಮಹಾನಗರದ ಪ್ರೀತಿಯೂ ದೊರೆತುವು. ಇಂತಹ ನಿಷ್ಠೆಯನ್ನು ನಾವು ಮೆಚ್ಚುವೆವು, ತ್ಯಾಗವೆಂದು ಕರೆಯೆವು. ಮತ್ತೊಂದು ಮಾತು: ನಾಯಕರಾಗಿದ್ದ ಆ ಒಂಬತ್ತು ವರ್ಷಗಳ ಸೋಲಿನಲ್ಲಿ ಅವರ ಪಾಲೂ ಇರುವುದು. ೨೦೧೭ ರ ಏಪ್ರಿಲ್ ೨೩ ರಂದು ಕೊಲ್ಕತ್ತದಲ್ಲಿ ತಂಡವೆಲ್ಲ ಸೇರಿ ೪೯ ರನ್ನುಗಳಿಗೆ ಮುಗಿದುಹೋದಾಗ ನಾಯಕರು ಮೊದಲ ಚೆಂಡಿಗೇ ಔಟಾಗಿದ್ದರು. ನಿಷ್ಠೆಯೆಂಬ ಜರತಾರಿ ಶಾಲನ್ನು ಹೊದಿಸಿ ಈ ಲೆಕ್ಕವನ್ನು ಮುಚ್ಚುವುದು ಆ ಆಟಗಾರರಿಗೂ ಗೌರವವಲ್ಲ.

ಬಿಟ್ಟುಹೋದವರನ್ನೂ ನೋಡಬೇಕಷ್ಟೆ. ಕರ್ನಾಟಕದ ಶ್ರೀ ಮನೀಶ್ ಪಾಂಡೆಯವರು ೨೦೦೯ ರಲ್ಲಿ ಬೆಂಗಳೂರಿನ ತಂಡಕ್ಕೆ ಆಡುತ್ತ ಐ.ಪಿ.ಎಲ್.ನಲ್ಲಿ ಶತಕ ಹೊಡೆದ ಮೊದಲ ಭಾರತೀಯರಾದರು. ೨೦೧೪ ರ ಅಂತಿಮ ಪಂದ್ಯವು ಬೆಂಗಳೂರಿನಲ್ಲಿಯೇ ನಡೆದಾಗ ಕೊಲ್ಕತ್ತದ ಪರವಾಗಿ ೯೪ ರನ್ನುಗಳನ್ನು ಹೊಡೆದು ಆ ತಂಡಕ್ಕೆ ಪಾರಿತೋಷಕವನ್ನು ಗೆದ್ದುಕೊಟ್ಟರು. ಅದೇ ತಂಡದಲ್ಲಿದ್ದ, ಹಿಂದೆ ಬೆಂಗಳೂರಿಗೆ ಆಡಿದ್ದ, ಕೊಡಗಿನ ಶ್ರೀ ರಾಬಿನ್ ಉತ್ತಪ್ಪನವರು ಆ ವರ್ಷ ಎಲ್ಲರಿಗಿಂತ ಹೆಚ್ಚು ರನ್ನುಗಳನ್ನು ಗಳಿಸಿದರು. ಇವರನ್ನು ದ್ರೋಹಿಗಳೆನ್ನುವವರಾರು? ಹರಾಜಿನಲ್ಲಿ ಕೊಳ್ಳುವವರು ಕೊಳ್ಳುವ, ಬಿಡುವವರು ಬಿಡುವ ಈ ವ್ಯವಹಾರದಲ್ಲಿ ನಿಷ್ಠನಾಗಿರುವ ಅವಕಾಶವೇ ಬಹುಮಂದಿಗೆ ದೊರೆಯುವುದಿಲ್ಲ.

ಹಾಗಾದರೆ ನಿಷ್ಠೆಯಿಂದ ಏನೂ ಇಲ್ಲವೇ ಎಂದರೆ, ಇರುವುದು. ಅದು ಬೇರೆ ಬಗೆಯದು. ಅಮೆರಿಕದಲ್ಲಿ ಬೇಸ್‌ಬಾಲ್ ಎಂಬ ದಾಂಡಿನಾಟವುಂಟು. ಅಲ್ಲಿಯ ಷಿಕಾಗೋ ನಗರದ ಕಬ್ಸ್ ತಂಡಕ್ಕೆ ಎರ್ನಿ ಬ್ಯಾಂಕ್ಸ್ ಎಂಬುವರು ೧೯೫೩ ರಿಂದ ೧೯೭೧ ರವರೆಗೆ ಆಡಿದರು. ತಂಡವು ಒಂದು ಸಲವಾದರೂ ಅಂತಿಮ ಪಂದ್ಯಗಳವರೆಗೆ ಹೋಗಲಿಲ್ಲ. ಆದರೂ ೧೯೫೮, ೧೯೫೯ ಈ ಎರಡು ವರ್ಷಗಳಲ್ಲಿ ತಮ್ಮ ಲೀಗಿನ ಅತ್ಯುತ್ತಮ ಆಟಗಾರರೆಂಬ ಮನ್ನಣೆಯು ಅವರಿಗೆ ದೊರೆಯಿತು. ೨೦೧೫ ರಲ್ಲಿ ತೀರಿಕೊಂಡರು. ಮರುವರ್ಷವೇ ಕಬ್ಸ್ ತಂಡವು ೧೯೦೮ ರಿಂದೀಚೆಗೆ ಮೊದಲ ಸಲ ಗೆದ್ದಿತು. ಗೆಲುವನ್ನು ಕಾಣದ ಈತನನ್ನು ಆ ನಗರವು ತನ್ನವನೆಂದು ಇಟ್ಟುಕೊಂಡಿರುವುದು. ಪ್ರೀತಿಗೆ ಕಾರಣ ನಿಷ್ಠೆ. ಹಿರಿಮೆಗೆ ಕಾರಣ ದಾಂಡು. ಈ ಎರಡನ್ನು ಬೆರೆಸಿ ಮಾತನಾಡುವುದರಿಂದಲೇ ರೈಲುಗಾಡಿಯ ವಾದವು ವೈಟ್‌ಫೀಲ್ಡಿನವರೆಗೂ ಮುಗಿಯದಿರುವುದು.

ಅಭಿಮಾನಿಗಳ ನಿಷ್ಠೆಯನ್ನು ಕುರಿತು ಒಂದು ಮಾತನ್ನು ಇಲ್ಲಿ ಹೇಳದಿದ್ದರೆ ತಪ್ಪಾದೀತು. ಸಂಬಳವಿಲ್ಲದ, ಹರಾಜಿಲ್ಲದ ನಿಷ್ಠೆಯು ಅವರದೇ. ೨೦೨೫ ರ ಜೂನ್ ೪ ರಂದು ಗೆದ್ದ ತಂಡವನ್ನು ಕಾಣಬೇಕೆಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳಲ್ಲಿ ನೆರೆದವರಲ್ಲಿ ೧೧ ಮಂದಿ ಕಾಲ್ತುಳಿತಕ್ಕೆ ಸಿಕ್ಕಿ ಮಡಿದರು. ೧೮ ವರ್ಷ ಕಾದವರಿಗೆ ಇನ್ನೊಂದು ವಾರ ಕಾಯುವುದು ಕಷ್ಟವಾಗುತ್ತಿರಲಿಲ್ಲ. ಅಷ್ಟು ಜನರನ್ನು ಒಂದೇ ಕಡೆಗೆ ಸೆಳೆದ ಅವಸರವನ್ನು ನೆನೆದರೆ ಇಂದಿಗೂ ನಮಗೆ ಸಂಕಟವಾಗುವುದು.

ಹೆಣ್ಣುಮಕ್ಕಳ ಆಟಕ್ಕೆ ಬಂದರೆ ನಿಷ್ಠೆಯೆಂಬ ಪದವೇ ಬೇರೆ ಅರ್ಥವನ್ನು ತಾಳುವುದು. ಶ್ರೀಮತಿ ಮಿಥಾಲಿ ರಾಜ್ ಅವರೂ ಜೂಲನ್ ಗೋಸ್ವಾಮಿಯವರೂ ೨೦೦೫ ರ ವಿಶ್ವಕಪ್ಪಿನ ಅಂತಿಮ ಪಂದ್ಯದಲ್ಲಿ ಸೋತರು. ೨೦೧೭ ರಲ್ಲಿ ಲಾರ್ಡ್ಸ್ ಮೈದಾನದಲ್ಲಿ ೯ ರನ್ನುಗಳಿಂದ ಮತ್ತೆ ಸೋತರು. ಒಬ್ಬರು ಏಕದಿನ ಪಂದ್ಯಗಳಲ್ಲಿ ೭,೮೦೫ ರನ್ನುಗಳನ್ನೂ ಇನ್ನೊಬ್ಬರು ೨೫೫ ವಿಕೆಟ್ಟುಗಳನ್ನೂ ಪಡೆದು, ಕಪ್ಪಿಲ್ಲದೆಯೇ ೨೦೨೨ ರಲ್ಲಿ ನಿವೃತ್ತರಾದರು. ಇವರನ್ನು ನಿಷ್ಠಾವಂತರೆಂದು ಯಾರೂ ಹೊಗಳಲಿಲ್ಲ. ಏಕೆಂದರೆ ದೇಶದ ತಂಡವನ್ನು ಬಿಟ್ಟರೆ ಅವರಿಗೆ ಬೇರೆ ಬಾಗಿಲೇ ಇರಲಿಲ್ಲ. ಅವರ ಮುಂದೆ ಇದ್ದ ಆಯ್ಕೆಯು ಈ ತಂಡವೋ ಆ ತಂಡವೋ ಎಂಬುದಲ್ಲ, ಆಡುವುದೋ ಬಿಡುವುದೋ ಎಂಬುದು. ೨೦೨೫ ರ ನವೆಂಬರ್ ೨ ರಂದು ಭಾರತದ ವನಿತೆಯರು ನವಿಮುಂಬಯಿಯಲ್ಲಿ ದಕ್ಷಿಣ ಆಫ್ರಿಕವನ್ನು ೫೨ ರನ್ನುಗಳಿಂದ ಸೋಲಿಸಿ ವಿಶ್ವಕಪ್ಪನ್ನು ಗೆದ್ದಾಗ, ಅದನ್ನು ಮೈದಾನದಲ್ಲಿಯೇ ಈ ಹಿರಿಯರ ಕೈಗೆ ಕೊಟ್ಟರು. ಹಿರಿಮೆಯ ಲೆಕ್ಕವನ್ನು ಪತ್ರಿಕೆಗಳಿಗಿಂತ ಆ ಹುಡುಗಿಯರೇ ಸರಿಯಾಗಿ ಬಲ್ಲವರಾಗಿದ್ದರು. (ಬೆಂಗಳೂರಿಗೆ ಮೊದಲ ಕಪ್ಪನ್ನು ತಂದವರೂ ಹೆಂಗಸರೇ ಎಂಬುದನ್ನು ಗಂಡಸರ ಗೆಲುವಿನ ಗದ್ದಲದಲ್ಲಿ ಮರೆಯಬಾರದು. ೨೦೨೩ ರಲ್ಲಿ ಮೊದಲ ಐದು ಪಂದ್ಯಗಳನ್ನೂ ಸೋತಿದ್ದ ಕುಮಾರಿ ಸ್ಮೃತಿ ಮಂಧಾನಾ ಅವರ ತಂಡವು ೨೦೨೪ ರ ಮಾರ್ಚ್ ೧೭ ರಂದು ದೆಹಲಿಯಲ್ಲಿ ಗೆದ್ದಿತು. ಆ ಪಂದ್ಯದಲ್ಲಿ ನಮ್ಮ ಕರ್ನಾಟಕದ ಶ್ರೇಯಾಂಕಾ ಪಾಟೀಲರು ೧೨ ರನ್ನುಗಳಿಗೆ ೪ ವಿಕೆಟ್ಟುಗಳನ್ನು ಪಡೆದರು.)

ಬಾಗಿಲಿಲ್ಲದವರ ಉಳಿಯುವಿಕೆಯು ನಮ್ಮ ಊರಿಗೆ ಹೊಸದಲ್ಲ. ೧೮೮೦ ರಿಂದ ಜಾನ್ ಟೇಲರ್ ಕಂಪನಿಯವರೂ, ಆಮೇಲೆ ಸರಕಾರದವರೂ ನಡೆಸಿದ ಗಣಿಗಳು ೨೦೦೧ ರ ಫೆಬ್ರವರಿ ೨೮ ರಂದು ಮುಚ್ಚಿದುವು. ಕೆಲವರು ಸಯನೈಡ್ ಗುಡ್ಡಗಳ ನೆರಳಿನ ಸಾಲುಮನೆಗಳಲ್ಲಿಯೇ ಉಳಿದರು. ಕೆಲವರು ಬೆಳಗಿನ ಗಾಡಿಗೆ ಬೆಂಗಳೂರಿಗೆ ಹೋಗಿ ರಾತ್ರಿಗೆ ಬರುವವರಾದರು. ಕೆಲವರು ಮನೆಗೆ ಬೀಗ ಹಾಕಿ ಹೊರಟೇಹೋದರು. ಉಳಿದವರೆಲ್ಲ ಊರಿಗೆ ನಿಷ್ಠರು, ಹೋದವರೆಲ್ಲ ಕೈಬಿಟ್ಟವರು ಎಂದು ನಮ್ಮಲ್ಲಿ ಯಾರೂ ಹೇಳುವುದಿಲ್ಲ. ಯಾವ ಮನೆಯಲ್ಲಿ ಎಷ್ಟು ಅನ್ನವಿದ್ದಿತೆಂಬುದು ಎಲ್ಲರಿಗೂ ತಿಳಿದಿರುವುದು. ಊರಿನ ವಿಚಾರದಲ್ಲಿ ನಾವು ತೋರುವ ಈ ವಿವೇಕವನ್ನು ಹದಿನಾಲ್ಕು ವರ್ಷದ ಆಟಗಾರ್ತಿಯ ವಿಚಾರದಲ್ಲಿಯೂ ತೋರಬೇಕೆಂಬುದೇ ನಮ್ಮ ಬೇಡಿಕೆ.

ಆದುದರಿಂದ ತಾಯಿತಂದೆಗಳಿಗೆ ನಮ್ಮ ಸಲಹೆಯು ಹೀಗಿರುವುದು. ಶಾಲೆಯ ತಂಡವು ಸೋಲುತ್ತಿರುವುದೆಂಬ ಒಂದೇ ಕಾರಣಕ್ಕೆ ಮಗಳನ್ನು ಕರೆದುಕೊಂಡು ಹೋಗಬೇಡಿರಿ. ಸೋಲುವ ತಂಡದಲ್ಲಿ ಆಕೆಗೆ ದಿನವೂ ದಾಂಡು ಸಿಗುವುದು, ಗೆಲ್ಲುವ ತಂಡದಲ್ಲಿ ಬೆಂಚು ಸಿಗಬಹುದು. ಆದರೆ ಕಲಿಸುವವರು ಅಲ್ಲಿ ಇರುವರು, ಇಲ್ಲಿ ಇಲ್ಲ ಎಂದಾದರೆ, ಗಾಡಿಯ ವೇಳೆಯನ್ನೂ ಆಕೆಯ ಪಾಠಗಳನ್ನೂ ನೋಡಿಕೊಂಡು ಕಳುಹಿಸಿರಿ. ಶಾಲೆಯ ಹೆಸರನ್ನು ಹೇಳಿ ಆಕೆಯನ್ನು ತಡೆಯುವವರ ಮಾತಿಗೆ ಕಿವಿಗೊಡಬೇಡಿರಿ. ಆಕೆಯು ಹೋದ ಮೇಲೆ ಉಳಿದ ಹತ್ತು ಮಂದಿ ಹುಡುಗಿಯರಿಗೆ ಸಂಜೆ ಚೆಂಡೆಸೆಯುವವರು ಯಾರೆಂಬ ಚಿಂತೆಯು ಶಾಲೆಯದು, ಆಡಳಿತ ಮಂಡಳಿಯದು, ಮತ್ತು ಈ ಸಂಚಿಕೆಯನ್ನು ಓದುತ್ತಿರುವ ಹಳೆಯ ವಿದ್ಯಾರ್ಥಿನಿಯರದು. ವಾರಕ್ಕೆ ಎರಡು ಸಂಜೆ ಮೈದಾನಕ್ಕೆ ಬರಬಲ್ಲವರು ಅವರಲ್ಲಿ ಕೆಲವರಾದರೂ ಇರುವರು.