ಆಟಕ್ಕೊಂದು ಬರಹ ಬೇಡವೆ?

ಆಟ ಮುಗಿದೊಡನೆ ಮೈದಾನದ ಧೂಳು ಅಡಗುತ್ತದೆ. ಗೆದ್ದವರ ಕೇಕೆಯೂ ಸೋತವರ ನಿಟ್ಟುಸಿರೂ ಅದರೊಡನೆಯೇ ಅಡಗುತ್ತವೆ. ಅವುಗಳಲ್ಲಿ ಉಳಿಯತಕ್ಕದ್ದು ಏನಾದರೂ ಇದ್ದರೆ ಅದು ಬರಹದಿಂದಲೇ ಉಳಿಯಬೇಕು. ಈ ಸರಳ ಸತ್ಯವನ್ನು ನಮ್ಮ ಕಾಲೇಜುಗಳು ಮರೆತಿವೆ ಎಂಬುದೇ ಇಲ್ಲಿಯ ಆಕ್ಷೇಪಣೆ.

1869ರ ನವೆಂಬರ್ 6ರಂದು ಅಮೆರಿಕದ ನ್ಯೂಜೆರ್ಸಿ ಪ್ರಾಂತದ ನ್ಯೂ ಬ್ರನ್ಸ್‌ವಿಕ್ ಊರಿನಲ್ಲಿ ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ಕಾಲೇಜುಗಳ ವಿದ್ಯಾರ್ಥಿಗಳು ಚೆಂಡಾಟಕ್ಕೆ ನಿಂತರು. ಒಂದೊಂದು ಪಕ್ಷಕ್ಕೆ 25 ಮಂದಿ. ತಮ್ಮವರ ಗುರುತಿಗಾಗಿ ರಟ್ಗರ್ಸ್ ಹುಡುಗರು ತಲೆಗೆ ಕೆಂಪು ವಸ್ತ್ರವನ್ನು ರುಮಾಲಿನಂತೆ ಸುತ್ತಿಕೊಂಡಿದ್ದರಂತೆ. ಚೆಂಡನ್ನು ಒದೆಯಬಹುದಾಗಿತ್ತು, ಎತ್ತಿಕೊಂಡು ಓಡುವಂತಿರಲಿಲ್ಲ. ಅಂದು ರಟ್ಗರ್ಸ್ 6-4ರಿಂದ ಗೆದ್ದಿತು. ವಾರ ಕಳೆದು ಪ್ರಿನ್ಸ್‌ಟನ್ ತನ್ನ ನೆಲದಲ್ಲಿ 8-0ರಿಂದ ಸೇಡು ತೀರಿಸಿಕೊಂಡಿತು. ಮೂರನೆಯ ಪಂದ್ಯ ನಡೆಯಲೇ ಇಲ್ಲ. ಆ ವರ್ಷದ ಕ್ರೀಡಾಋತುವೆಂದರೆ ಇಷ್ಟೇ! ಆದರೂ ಅಮೆರಿಕದ ಕಾಲೇಜು ಫುಟ್‌ಬಾಲು ತನ್ನ ಜನ್ಮದಿನವನ್ನು ಅಲ್ಲಿಂದಲೇ ಎಣಿಸುತ್ತದೆ. ಅದೇ ವರ್ಷ ಆರಂಭವಾಗಿದ್ದ ‘ಟಾರ್ಗಮ್’ ಎಂಬ ರಟ್ಗರ್ಸ್ ವಿದ್ಯಾರ್ಥಿಗಳ ಪತ್ರಿಕೆ ಆ ಪಂದ್ಯದ ವರದಿಯನ್ನು ಅಚ್ಚು ಹಾಕಿತು. ಆಡಿದವರು ತೀರಿಹೋದರು, ಆಟದ ರೂಪವೇ ಬೇರೆಯಾಯಿತು, ಬರೆದದ್ದು ಉಳಿಯಿತು.

ಬರಹದ ಪ್ರಯೋಜನ ಕೀರ್ತಿಯೊಂದೇ ಅಲ್ಲ. ಮುಂದೆ ಆ ಆಟ ಕ್ರೂರವಾಗುತ್ತ ಹೋಗಿ, 1905ರಲ್ಲಿ ಹಲವು ಯುವಕರು ಅದರಲ್ಲಿ ಪ್ರಾಣ ಕಳೆದುಕೊಂಡರು. ಪತ್ರಿಕೆಗಳು ಸತ್ತವರ ಲೆಕ್ಕವನ್ನು ಮುದ್ರಿಸಿದವು. ಲೋಕ ಬೆಚ್ಚಿತು, 1906ರಲ್ಲಿ ನಿಯಮಗಳು ಬದಲಾದವು. ಬರೆದಿಡದ ಗಾಯಕ್ಕೆ ಮದ್ದು ಹುಡುಕುವವರು ಯಾರು?

ಇನ್ನು ನಮ್ಮ ಕಡೆಗೆ ತಿರುಗೋಣ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳಲ್ಲಿ ಆಟಕ್ಕೆ ಬರವಿಲ್ಲ; ಬರವಿರುವುದು ಬರಹಕ್ಕೆ. ಕಾಲೇಜಿನ ವಾರ್ಷಿಕ ಸಂಚಿಕೆಯನ್ನು ತೆರೆದರೆ ಬಹುಮಟ್ಟಿಗೆ ಕಾಣುವುದು ಬಟ್ಟಲು ಹಿಡಿದು ನಿಂತ ತಂಡದ ಒಂದು ಚಿತ್ರ, ಕೆಳಗೆ ಹೆಸರುಗಳ ಸಾಲು. ಏಳು ಮಂದಿ ನಲವತ್ತು ನಿಮಿಷ ಕಬಡ್ಡಿಯಾಡಿದರಲ್ಲ, ಯಾರ ಹಿಡಿತಕ್ಕೆ ಯಾರು ಸಿಕ್ಕರು, ಸೋಲು ಹತ್ತಿರವಾದಾಗ ಯಾರು ಎದೆಗೊಟ್ಟು ನಿಂತರು ಎಂಬುದಕ್ಕೆ ಒಂದು ವಾಕ್ಯವೂ ಇಲ್ಲ. ಅದೇ ಸಂಚಿಕೆಯಲ್ಲಿ ವಸಂತಋತುವಿನ ಮೇಲೆ ಮಾತ್ರ ನಾಲ್ಕು ಪದ್ಯಗಳಿರುತ್ತವೆ!

ಇದು ನಮ್ಮ ಪರಂಪರೆಗೆ ಒಪ್ಪುವ ಮೌನವಲ್ಲ. ಬಾವಿಗೆ ಬಿದ್ದ ಹುಡುಗರ ಚೆಂಡಿನಿಂದಲ್ಲವೆ ಭಾರತದ ಕಥೆಗೆ ದ್ರೋಣನ ಪ್ರವೇಶ? ಹಡಗಲಿಯ ಸೀಮೆಯನ್ನೂ ಆಳಿದ ಕಲ್ಯಾಣದ ಚಾಲುಕ್ಯರಲ್ಲಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ, ಸಂಸ್ಕೃತದ ತನ್ನ ‘ಮಾನಸೋಲ್ಲಾಸ’ದಲ್ಲಿ, ಕುದುರೆಯೇರಿ ಆಡುವ ಚೆಂಡಾಟವನ್ನು ವಿಸ್ತಾರವಾಗಿ ವರ್ಣಿಸಿದ್ದಾನೆ. ಗದೆಯ ಕಾಳಗವನ್ನೇ ರನ್ನನು ಕಾವ್ಯದ ಕೇಂದ್ರವಾಗಿಸಿದನು. ಹಂಪೆಯ ಶಿಲ್ಪಿಗಳು ಜಟ್ಟಿಗಳನ್ನು ಕಲ್ಲಿನಲ್ಲಿ ನಿಲ್ಲಿಸಿದರು. ಮೈಲಾರದಲ್ಲಿ ಗೊರವಯ್ಯನು ನುಡಿಯುವ ಒಂದೇ ಸಾಲಿನ ಕಾರಣಿಕವನ್ನು ವರ್ಷವಿಡೀ ಅರ್ಥೈಸುವ ಜನ ನಾವು. ಮಾತಿನ ಬೆಲೆ ನಮಗೆ ತಿಳಿಯದೆ?

“ಆಟವಿರುವುದು ಆಡುವುದಕ್ಕೆ, ಬರೆಯುವುದಕ್ಕಲ್ಲ” ಎಂದು ಕೆಲವರು ಅನ್ನಬಹುದು. ಹಾಗಾದರೆ ಹಾಡಿರುವುದು ಹಾಡುವುದಕ್ಕೆ; ಜನಪದ ಗೀತೆಗಳನ್ನು ನಾವೇಕೆ ಸಂಗ್ರಹಿಸಿದೆವು? ಗರಡಿಯ ಪಟ್ಟು, ವರಸೆಗಳ ಹೆಸರುಗಳು ಮುದುಕರ ನಾಲಗೆಯ ಮೇಲೆ ಉಳಿದಿವೆ. ಅವರೊಡನೆ ಅವೂ ಹೋದರೆ ನಷ್ಟ ಕುಸ್ತಿಗಷ್ಟೇ ಅಲ್ಲ, ಕನ್ನಡಕ್ಕೂ. ಪ್ರೇಮವನ್ನೋ ಪ್ರಕೃತಿಯನ್ನೋ ಎರವಲು ಮಾತಿನಲ್ಲಿ ಬಣ್ಣಿಸುವ ವಿದ್ಯಾರ್ಥಿಗೆ, ತಾನೇ ಕಣ್ಣಾರೆ ಕಂಡ ಪಂದ್ಯವನ್ನು ಬರೆಯುವುದಕ್ಕಿಂತ ಮೇಲಾದ ಗದ್ಯಶಿಕ್ಷಣ ಇನ್ನಾವುದಿದೆ? ಅಲ್ಲಿ ಸುಳ್ಳು ನಡೆಯದು. ನೋಡಿದವರು ನೂರು ಮಂದಿ ಇರುತ್ತಾರೆ.

ಆದುದರಿಂದ ಕನ್ನಡ ಅಧ್ಯಾಪಕರಲ್ಲಿ ಒಂದು ಅರಿಕೆ. ಈ ಸಲದ ಸಂಚಿಕೆಯಲ್ಲಿ ಒಂದು ಪಂದ್ಯದ ಪೂರ್ಣ ವರದಿಗೆ ಎರಡು ಪುಟ ಮೀಸಲಿಡಿ. ಗೆದ್ದ ಪಂದ್ಯವೇ ಆಗಬೇಕೆಂಬ ನಿಯಮ ಬೇಡ. ಸೋಲನ್ನು ಸೋಲೆಂದೇ ಬರೆಯಲು ಕಲಿತ ಕೈ ಮುಂದೆ ಏನನ್ನಾದರೂ ಬರೆದೀತು.